ಬೇಸ್‌ಮೆಂಟಿನ ಹಂಡೆ ಇಳಿಸುವ ಮುನ್ನ

ನರಕ ಚತುರ್ದಶಿಯ ಬೆಳಗ್ಗೆ ಅಮೆರಿಕದ ಗೈದರ್ಸ್‌ಬರ್ಗ್‌ನ ನಮ್ಮ ಮನೆಯಲ್ಲಿ ಆರು ತಲೆಗಳಿಗೆ ಎಣ್ಣೆ ಬಿದ್ದಿತ್ತು. ಮಕ್ಕಳಿಬ್ಬರ ಸ್ನಾನ ಮುಗಿಯಿತು. ಊರಿನಿಂದ ಬಂದಿದ್ದ ಅಮ್ಮನದಾಯಿತು. ಅಪ್ಪ ಸಾವಕಾಶವಾಗಿ ಸೀಗೆಪುಡಿ ತಿಕ್ಕಿ, ಮೈತುಂಬ ನೀರು ಹೊಯ್ದುಕೊಂಡು ಹೊರಬಂದರು. ಐದನೆಯವಳಾಗಿ ಒಳಹೋದ ನನ್ನ ಹೆಂಡತಿ ಎರಡೇ ನಿಮಿಷಕ್ಕೆ ಕೂಗಿದಳು: “ರೀ, ನೀರು ತಣ್ಣಗಾಗ್ತಿದೆ, ಏನಾಯ್ತು ನೋಡ್ರೀ!”

ಕಿವಿಯ ಹಿಂದೆ ಎಣ್ಣೆ ಇಳಿಯುತ್ತಿದ್ದಂತೆಯೇ ನಾನು ಬೇಸ್‌ಮೆಂಟಿಗಿಳಿದೆ. ಹಿಂದೆಯೇ ಅಮ್ಮ. ಮನೆಯನ್ನು ಬೆಚ್ಚಗಿಡುವ ಫರ್ನೇಸಿನ ಪಕ್ಕ, ಹಳೆಯ ಪೇಂಟ್ ಡಬ್ಬಿಗಳ ನಡುವೆ ಎದೆಯೆತ್ತರಕ್ಕೆ ನಿಂತಿದ್ದ ಆ ಬೂದುಬಣ್ಣದ ಟ್ಯಾಂಕನ್ನು ಅವಳು ಮೊದಲ ಸಲ ನೋಡಿದ್ದು. ತಳದಲ್ಲಿ ನೀಲಿ ಉರಿ, ನೆತ್ತಿಯಿಂದ ಮೇಲಕ್ಕೆ ಹೊಗೆಯ ಕೊಳವೆ. ಒಂದು ಸುತ್ತು ಬಂದು ಹೇಳಿದಳು: “ಇದು ನಮ್ಮ ಬಚ್ಚಲಿನ ಬಾಯ್ಲರೇ ಅಲ್ವೇನೋ! ಬೂದಿ ತೆಗೆಯೋ ಕಿಂಡಿ ಒಂದಿಲ್ಲ, ಅಷ್ಟೇ.”

ಅವಳ ಕಾಲ ಬಳಿ ನೆಲದ ಮೇಲೆ ರೂಪಾಯಿ ಅಗಲದ ತುಕ್ಕುಗೆಂಪು ತೇವವಿತ್ತು. ಹದಿನಾಲ್ಕು ವರ್ಷದ ಟ್ಯಾಂಕು ಸೋರತೊಡಗಿತ್ತು.

ಗೈದರ್ಸ್‌ಬರ್ಗ್, ಜರ್ಮನ್‌ಟೌನ್, ಕ್ಲಾರ್ಕ್ಸ್‌ಬರ್ಗ್ ಸುತ್ತಿನ ಟೌನ್‌ಹೌಸುಗಳಲ್ಲಿ ಹೀಗೆ ಕಣ್ಣಿಗೆ ಬೀಳದೆ ದುಡಿಯುವ ಟ್ಯಾಂಕುಗಳು ಸಾವಿರಾರು. ಅವು ಸೋರುವವರೆಗೆ ಯಾರೂ ಅತ್ತ ತಿರುಗಿ ನೋಡುವುದಿಲ್ಲ. ಸೋರಿದ ದಿನ ಮಾತ್ರ ಸ್ನೇಹಿತರಿಗೆಲ್ಲ ಫೋನು: “ಟ್ಯಾಂಕ್‌ಲೆಸ್ ಹಾಕಿಸಿಬಿಡೋಣವಾ?” ಉತ್ತರವಾಗಿ ಸಿಗುವುದು ಯಾವ ಕಂಪನಿ, ಎಷ್ಟು ಡಾಲರ್ ಎಂಬ ಎರಡೇ ಸಂಗತಿ. ನಾನೂ ಅಲ್ಲಿಂದಲೇ ಶುರುಮಾಡಿ ದಾರಿ ತಪ್ಪಿದವನು. ಟ್ಯಾಂಕಿಲ್ಲದೆ ಆಗಿಂದಾಗ ನೀರು ಕಾಯಿಸುವ, ಗೋಡೆಗೆ ನೇತುಹಾಕುವ ಆ ಪೆಟ್ಟಿಗೆಯ ಆಯ್ಕೆ ಕೊನೆಯ ಮಾತು. ಮೊದಲು ನೋಡಬೇಕಾದದ್ದು ಅದಕ್ಕೆ ಬಂದು ಸೇರುವ ಕೊಳವೆಗಳನ್ನು ಮತ್ತು ನಮ್ಮ ಮನೆಯವರು ಸ್ನಾನ ಮಾಡುವ ಬಗೆಯನ್ನು.

ಬಾಯ್ಲರಿನ ಅಮೆರಿಕದ ನೆಂಟ

ಮಲೆನಾಡು, ಮೈಸೂರು ಕಡೆಯ ಹಳೆಯ ಮನೆಗಳ ತಾಮ್ರದ ಬಾಯ್ಲರನ್ನು ನೋಡಿದವರಿಗೆ ಅಮೆರಿಕದ ಗ್ಯಾಸ್ ಟ್ಯಾಂಕನ್ನು ಬೇರೆಯಾಗಿ ವಿವರಿಸಬೇಕಿಲ್ಲ. ಕೆಳಗೆ ಬೆಂಕಿ. ನಟ್ಟನಡುವೆ ಹೊಗೆ ಹೋಗುವ ಕೊಳವೆ. ಅದರ ಸುತ್ತ ನೀರು. ಹೊಗೆ ಮೇಲೇರುವಾಗ ತನ್ನ ಬಿಸಿಯನ್ನು ಕೊಳವೆಯ ಗೋಡೆಯ ಮೂಲಕ ನೀರಿಗೆ ಬಿಟ್ಟುಕೊಡುತ್ತದೆ. ತೆಂಗಿನ ಚಿಪ್ಪು, ಅಡಿಕೆ ಹಾಳೆಯ ಜಾಗದಲ್ಲಿ ಇಲ್ಲಿ ನೈಸರ್ಗಿಕ ಅನಿಲ. ಬೆಂಕಿಕಡ್ಡಿಯ ಜಾಗದಲ್ಲಿ ಹಗಲೂ ರಾತ್ರಿ ಆರದೆ ಉರಿಯುವ ಪುಟ್ಟ ಪೈಲಟ್ ಜ್ವಾಲೆ.

ವ್ಯತ್ಯಾಸವಿರುವುದು ಲೋಹದಲ್ಲಿ. ಅಜ್ಜಿಯ ಬಾಯ್ಲರು ತಾಮ್ರದ್ದು, ಮೂರು ತಲೆಮಾರು ಬಾಳಿತು. ಇಲ್ಲಿಯದು ಉಕ್ಕು. ಉಕ್ಕಿಗೆ ತುಕ್ಕು ಹಿಡಿಯದಿರಲೆಂದು ಒಳಗೋಡೆಗೆ ಗಾಜಿನ ತೆಳು ಲೇಪವಿದೆ, ನಮ್ಮ ಹಿತ್ತಾಳೆ ಪಾತ್ರೆಯ ಕಲಾಯಿಯ ಹಾಗೆ. ಆ ಲೇಪ ಬಿರುಕು ಬಿಟ್ಟಲ್ಲಿ ತುಕ್ಕು ಕೂರುತ್ತದಲ್ಲ, ಅದನ್ನು ತಡೆಯಲು ನೀರಿನೊಳಗೆ ಮೆಗ್ನೀಷಿಯಂ ಅಥವಾ ಅಲ್ಯೂಮಿನಿಯಂನ ಉದ್ದನೆಯ ಕೋಲೊಂದನ್ನು ಇಳಿಬಿಟ್ಟಿರುತ್ತಾರೆ. ನೀರು ಉಕ್ಕನ್ನು ಬಿಟ್ಟು ಮೊದಲು ಈ ಕೋಲನ್ನು ತಿನ್ನುತ್ತದೆ. ಕೋಲು ಸವೆದು ಬರೀ ತಂತಿ ಉಳಿದ ಮೇಲೆ ಟ್ಯಾಂಕಿನ ಸರದಿ. ನಾಲ್ಕೈದು ವರ್ಷಕ್ಕೊಮ್ಮೆ ಕೋಲನ್ನು ಬದಲಿಸಿದರೆ ಟ್ಯಾಂಕಿನ ಆಯುಷ್ಯ ಹೆಚ್ಚುತ್ತದೆ. ಬದಲಿಸುವವರು ಬಹಳ ಕಡಿಮೆ. ಹಾಗಾಗಿ ಎಂಟರಿಂದ ಹನ್ನೆರಡು ವರ್ಷಕ್ಕೆ ಬಹುತೇಕ ಟ್ಯಾಂಕುಗಳ ಕಥೆ ಮುಗಿಯುತ್ತದೆ.

ಟ್ಯಾಂಕಿನ ಇನ್ನೊಂದು ಕೊರತೆ ನಮ್ಮ ಹಬ್ಬದ ಬೆಳಗ್ಗೆ ಗೊತ್ತಾದದ್ದು. ಅದರ ಅಳತೆ 50 ಗ್ಯಾಲನ್, ಎಂದರೆ ಸುಮಾರು 190 ಲೀಟರ್. ಬಿಸಿನೀರು ಮೇಲಿನಿಂದ ಹೋದಂತೆ ತಣ್ಣೀರು ತಳಕ್ಕೆ ಬಂದು ಸೇರುತ್ತದೆ. ಮುಕ್ಕಾಲು ಭಾಗ ಖಾಲಿಯಾದ ಮೇಲೆ ಉಳಿಯುವುದು ಉಗುರು ಬೆಚ್ಚಗಿನ ನೀರು. ಗಂಟೆಗೆ 40,000 ಬಿಟಿಯು (ಇಲ್ಲಿಯವರ ಶಾಖದ ಅಳತೆ) ಉರಿಗೆ ಅದನ್ನು ಮತ್ತೆ ಪೂರ್ತಿ ಕಾಯಿಸಲು ಒಂದು ಗಂಟೆಯ ಹತ್ತಿರ ಬೇಕು. ಊರಿನಲ್ಲಿ ನೀರು ತುಂಬುವ ಹಬ್ಬದ ದಿನ ಹಂಡೆ ಬೆಳಗಿ, ಸುಣ್ಣ–ಕೆಮ್ಮಣ್ಣಿನ ಪಟ್ಟೆ ಎಳೆದು, ಹಿಂಡ್ಲೆ ಬಳ್ಳಿ ಸುತ್ತಿ ನೀರು ತುಂಬಿಡುವಾಗಲೂ ಇದೇ ಲೆಕ್ಕ ಇತ್ತು. ಆದರೆ ಅಲ್ಲಿ ಒಬ್ಬರು ಮಿಂದು ಬಂದೊಡನೆ ಎರಡು ಕೊಡ ತಣ್ಣೀರು ಹೊಯ್ದು, ಒಲೆಗೆ ಇನ್ನೊಂದು ಕುಂಟೆ ತಳ್ಳುವ ಯಜಮಾನಿ ಇದ್ದಳು. ಬೇಸ್‌ಮೆಂಟಿನಲ್ಲಿ ಆ ಕೆಲಸಕ್ಕೆ ಯಾರೂ ಇಲ್ಲ.

ಗೀಸರ್ ಎಂಬ ಹಳೆಯ ಹೆಸರು

ಟ್ಯಾಂಕ್‌ಲೆಸ್ ಎಂದರೆ ಹೊಸ ಕಾಲದ ಸಲಕರಣೆ ಎಂಬ ಭಾವನೆ ನಮ್ಮಲ್ಲಿದೆ. ಇತಿಹಾಸ ತಿರುಗುಮುರುಗು. 1868ರಲ್ಲಿ ಲಂಡನ್ನಿನ ಬೆಂಜಮಿನ್ ವಾಡಿ ಮಾನ್ ಎಂಬ ಪೇಂಟರ್ ಹರಿಯುವ ನೀರನ್ನು ಗ್ಯಾಸ್ ಉರಿಯಿಂದ ಆಗಿಂದಾಗಲೇ ಕಾಯಿಸುವ ಯಂತ್ರವೊಂದನ್ನು ಮಾಡಿದ. ಐಸ್‌ಲ್ಯಾಂಡಿನ ಬಿಸಿನೀರ ಬುಗ್ಗೆಯನ್ನು ನೆನೆದು ಅದಕ್ಕೆ ‘ಗೀಸರ್’ ಎಂದು ಹೆಸರಿಟ್ಟ. ಬೆಂಗಳೂರಿನ ಬಚ್ಚಲಲ್ಲಿ ನಾವು ದಿನಾ ಅನ್ನುವ ಗೀಸರ್ ಅದೇ ಪದ. ಅಂದರೆ ಮೊದಲ ಗೀಸರಿಗೆ ಟ್ಯಾಂಕೇ ಇರಲಿಲ್ಲ. ನೀರು ತುಂಬಿಟ್ಟುಕೊಂಡು ತಾನಾಗಿ ಕಾಯಿಸಿಕೊಳ್ಳುವ ಗ್ಯಾಸ್ ಟ್ಯಾಂಕು ಬಂದದ್ದು ಆಮೇಲೆ, 1889ರ ಸುಮಾರಿಗೆ. ನಾರ್ವೆಯಿಂದ ಪಿಟ್ಸ್‌ಬರ್ಗ್‌ಗೆ ಬಂದು ನೆಲೆಸಿದ ಎಂಜಿನಿಯರ್ ಎಡ್ವಿನ್ ರೂಡ್ ಕೈಯಿಂದ.

ಮಾನ್ ಮಾಡಿದ ಯಂತ್ರದಲ್ಲಿ ಒಂದು ದೊಡ್ಡ ದೋಷವಿತ್ತು: ಹೊಗೆ ಹೊರಗೆ ಹೋಗಲು ಕೊಳವೆ ಇರಲಿಲ್ಲ. ಆ ದೋಷ ಇನ್ನೂ ನಮ್ಮನ್ನು ಕಾಡುತ್ತಿದೆ. ಬೆಂಗಳೂರಿನಲ್ಲಿ ಮುಚ್ಚಿದ ಬಚ್ಚಲುಮನೆಯೊಳಗೆ ಗ್ಯಾಸ್ ಗೀಸರ್ ಉರಿಸಿ, ಕಾರ್ಬನ್ ಮಾನಾಕ್ಸೈಡ್ ಕುಡಿದು ಸತ್ತವರ ಸುದ್ದಿಯನ್ನು ಪ್ರತಿ ಚಳಿಗಾಲ ಓದುತ್ತೇವೆ. ಬಣ್ಣವಿಲ್ಲ, ವಾಸನೆಯಿಲ್ಲ, ತಲೆ ಸುತ್ತು ಬಂದಿತೆನ್ನುವಷ್ಟರಲ್ಲಿ ಕೈಕಾಲು ಸೋತಿರುತ್ತವೆ. ಆ ಗೀಸರ್ ಬಚ್ಚಲಿನ ಗಾಳಿಯನ್ನೇ ಉಸಿರಾಡಿ ಬಚ್ಚಲಿಗೇ ಹೊಗೆ ಬಿಡುತ್ತದೆ. ಅಮೆರಿಕದ ಬೇಸ್‌ಮೆಂಟಿನಲ್ಲಿ ಈಗ ಹಾಕುವ ಟ್ಯಾಂಕ್‌ಲೆಸ್‌ಗೆ ಸಾಮಾನ್ಯವಾಗಿ ಎರಡು ಕೊಳವೆ: ಒಂದು ಹೊರಗಿನ ಗಾಳಿಯನ್ನು ಒಳತರುತ್ತದೆ, ಇನ್ನೊಂದು ಹೊಗೆಯನ್ನು ಹೊರದಬ್ಬುತ್ತದೆ. ಉರಿ ನಡೆಯುವುದು ಮುಚ್ಚಿದ ಕೋಣೆಯಲ್ಲಿ. ಮನೆಯ ಗಾಳಿಗೂ ಅದಕ್ಕೂ ಸಂಬಂಧವಿಲ್ಲ. ‘ಅಯ್ಯೋ, ಗ್ಯಾಸ್ ಗೀಸರಾ?’ ಎಂದು ಊರಿನವರು ಗಾಬರಿಯಾದರೆ ಈ ಎರಡು ಕೊಳವೆ ತೋರಿಸಿದರೆ ಸಾಕು. ಹಾಗೆಂದು ಮಹಡಿ ಮಹಡಿಗೂ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಡುವುದನ್ನು ತಪ್ಪಿಸಬಾರದು.

ನಲ್ಲಿ ತಿರುಗಿಸಿದ ಮೇಲೆ

ಟ್ಯಾಂಕ್‌ಲೆಸ್ ಪೆಟ್ಟಿಗೆಯ ಮುಂದೆ ನಿಂತು ಯಾರನ್ನಾದರೂ ಮಹಡಿಯ ನಲ್ಲಿ ತಿರುಗಿಸಲು ಹೇಳಿ. ಮೊದಲು ಒಂದು ಸಣ್ಣ ಚಕ್ರ ತಿರುಗಿ, ನೀರು ಹರಿಯುತ್ತಿದೆ ಎಂದು ಯಂತ್ರಕ್ಕೆ ಗೊತ್ತಾಗುತ್ತದೆ. ಫ್ಯಾನ್ ಗುಂಯ್ ಎನ್ನುತ್ತದೆ. ಟಿಕ್ ಟಿಕ್ ಎಂದು ಕಿಡಿ ಹಾರುತ್ತದೆ. ಭುಸ್ಸೆಂದು ಬರ್ನರ್ ಹತ್ತಿಕೊಳ್ಳುತ್ತದೆ. ಸುರುಳಿ ಸುತ್ತಿದ ಕೊಳವೆಯೊಳಗೆ ನೀರು ಓಡುತ್ತ ಕೆಲವೇ ಕ್ಷಣಗಳಲ್ಲಿ ಕಾಯುತ್ತದೆ. ನಲ್ಲಿ ಮುಚ್ಚಿದೊಡನೆ ಎಲ್ಲ ಮೌನ. ಉರಿ ಎಷ್ಟಿರಬೇಕೆಂಬುದನ್ನು ಹರಿವು ಮತ್ತು ಒಳಬರುವ ನೀರಿನ ಬಿಸಿ ನೋಡಿ ಯಂತ್ರವೇ ಹೆಚ್ಚು ಕಡಿಮೆ ಮಾಡಿಕೊಳ್ಳುತ್ತದೆ.

ಇಷ್ಟು ಬೇಗ ಕಾಯಿಸಲು ಅದು ಉರಿಸುವ ಬೆಂಕಿ ಸಣ್ಣದಲ್ಲ. ಟ್ಯಾಂಕಿನದು ಗಂಟೆಗೆ 40,000 ಬಿಟಿಯು. ಮನೆಗೆ ಹಾಕುವ ದೊಡ್ಡ ಟ್ಯಾಂಕ್‌ಲೆಸ್‌ನದು 1,99,000. ಇಲ್ಲಿನ ಅಡುಗೆಮನೆಯ ಸಾಧಾರಣ ಬರ್ನರುಗಳನ್ನು ಇಪ್ಪತ್ತು ಸಾಲಾಗಿ ಜೋಡಿಸಿ ಒಟ್ಟಿಗೆ ಹಚ್ಚಿದಷ್ಟು. ಕಲ್ಯಾಣ ಮಂಟಪದ ಅಡುಗೆ ಭಟ್ಟರ ಒಲೆಯನ್ನು ಸೂಟ್‌ಕೇಸಿನಷ್ಟು ಪೆಟ್ಟಿಗೆಯಲ್ಲಿ ಮುಚ್ಚಿಟ್ಟಂತೆ.

ಅದರಲ್ಲಿ ಎರಡು ಜಾತಿ. ಹಳೆಯ ಬಗೆಯದು ಬಿಸಿ ಹೊಗೆಯನ್ನು ಹಾಗೆಯೇ ಹೊರಬಿಡುತ್ತದೆ; ಅದರಲ್ಲಿ ಗ್ಯಾಸಿನ ನೂರು ಪಾಲು ಶಾಖದಲ್ಲಿ ಎಂಬತ್ತರಷ್ಟು ನೀರಿಗೆ ಸೇರುತ್ತದೆ. ಕಂಡೆನ್ಸಿಂಗ್ ಎಂಬ ಬಗೆಯದು ಹೊಗೆಯನ್ನೂ ಹಿಂಡುತ್ತದೆ. ಒಂದು ಕಿಲೋ ಮೀಥೇನ್ ಉರಿದರೆ ಎರಡೂಕಾಲು ಕಿಲೋ ನೀರಾವಿ ಹುಟ್ಟುತ್ತದೆ. ಆ ಆವಿಯನ್ನು ತಂಪುಗೊಳಿಸಿ ಮತ್ತೆ ನೀರಾಗಿಸಿದರೆ ಅದರೊಳಗಿನ ಶಾಖವೂ ಕೈಸೇರುತ್ತದೆ. ಲೆಕ್ಕ ತೊಂಬತ್ತೈದರ ಹತ್ತಿರಕ್ಕೆ ಹೋಗುತ್ತದೆ. ಹೊಗೆ ಎಷ್ಟು ತಂಪಾಗಿರುತ್ತದೆಂದರೆ ಸ್ಟೀಲಿನ ಬದಲು ಪ್ಲಾಸ್ಟಿಕ್ ಕೊಳವೆಯಲ್ಲಿ ಬಿಡಬಹುದು. ಆದರೆ ಹೀಗೆ ಹನಿಹನಿಯಾಗಿ ಇಳಿಯುವ ನೀರು ಹುಳಿ. ಅದನ್ನು ಸುಣ್ಣದಕಲ್ಲಿನ ಹರಳು ತುಂಬಿದ ಡಬ್ಬಿಯ ಮೂಲಕ ಹಾಯಿಸಿ ಮೋರಿಗೆ ಬಿಡಬೇಕು. ಇಲ್ಲದಿದ್ದರೆ ಅದು ಎರಕದ ಕಬ್ಬಿಣದ ಪೈಪನ್ನೂ ಸಿಮೆಂಟನ್ನೂ ನಿಧಾನಕ್ಕೆ ತಿನ್ನುತ್ತದೆ.

ಪೊಟೊಮ್ಯಾಕ್‌ನ ಜನವರಿ ನೀರು

‘ಮುಗಿಯದ ಬಿಸಿನೀರು’ ಎಂದು ಜಾಹೀರಾತು ಹೇಳುತ್ತದೆ. ಅದು ನಿಜ. ಆದರೆ ‘ಎಷ್ಟು ಬೇಕಾದರೂ ಬಿಸಿನೀರು’ ನಿಜವಲ್ಲ. ಎರಡರ ನಡುವಿನ ವ್ಯತ್ಯಾಸ ತಿಳಿಯಲು ಸಣ್ಣ ಲೆಕ್ಕ ಬೇಕು.

ಗೈದರ್ಸ್‌ಬರ್ಗ್‌ನ ನಲ್ಲಿಗೆ ಬರುವುದು ಪೊಟೊಮ್ಯಾಕ್ ನದಿಯ ನೀರು. ಜನವರಿಯಲ್ಲಿ ಅದು ಐದಾರು ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತದೆ. ಆಗಸ್ಟಿನಲ್ಲಿ ಇಪ್ಪತ್ತೈದರ ಆಚೀಚೆ ಇರುತ್ತದೆ. ಯಂತ್ರವನ್ನು 49 ಡಿಗ್ರಿಗೆ, ಅಂದರೆ ಇಲ್ಲಿಯವರ 120 ಫ್ಯಾರನ್‌ಹೀಟ್‌ಗೆ ಇಟ್ಟರೆ ಚಳಿಗಾಲದಲ್ಲಿ ನೀರನ್ನು 43 ಡಿಗ್ರಿ ಏರಿಸಬೇಕು, ಬೇಸಿಗೆಯಲ್ಲಿ 24 ಡಿಗ್ರಿ ಸಾಕು. ಅದೇ ಅತಿ ದೊಡ್ಡ ಕಂಡೆನ್ಸಿಂಗ್ ಯಂತ್ರ ಬೇಸಿಗೆಯಲ್ಲಿ ನಿಮಿಷಕ್ಕೆ ಮೂವತ್ತು ಲೀಟರ್ ದಾಟಿ ಕೊಟ್ಟರೆ, ಜನವರಿಯಲ್ಲಿ ಕೊಡುವುದು ಹದಿನೆಂಟು ಲೀಟರಿನ ಆಸುಪಾಸು. ಅಮೆರಿಕದ ಕಾನೂನಿನಂತೆ ಒಂದು ಶವರ್ ನಿಮಿಷಕ್ಕೆ ಹೆಚ್ಚೆಂದರೆ 2.5 ಗ್ಯಾಲನ್, ಅಂದರೆ ಒಂಬತ್ತೂವರೆ ಲೀಟರ್ ಬಿಡಬಹುದು. ಚಳಿಯಲ್ಲಿ ಅದರ ಮುಕ್ಕಾಲಿಗಿಂತ ಹೆಚ್ಚು ಪಾಲು ಬಿಸಿನೀರೇ. ಹಾಗಾಗಿ ಎರಡು ಶವರ್ ನಿರಾತಂಕ. ಮೂರನೆಯ ಬಚ್ಚಲೂ ತೆರೆದು, ಕೆಳಗೆ ಪಾತ್ರೆಯೂ ತೊಳೆಯುತ್ತಿದ್ದರೆ ಎಲ್ಲರಿಗೂ ಧಾರೆ ಸಣ್ಣದಾಗುತ್ತದೆ, ಇಲ್ಲವೇ ಎಲ್ಲರಿಗೂ ಬೆಚ್ಚಗಿನ ನೀರೇ ಗತಿ. ಒಬ್ಬರಾದ ಮೇಲೊಬ್ಬರು ಮೀಯುವ ಮನೆಗೆ ಟ್ಯಾಂಕ್‌ಲೆಸ್ ವರ. ಎಲ್ಲರೂ ಏಳೂವರೆಗೆ ಒಟ್ಟಿಗೆ ಮೀಯುವ ಮನೆಗೆ ಅಷ್ಟೇನಲ್ಲ.

‘ಹಾಗಾದರೆ ಕರೆಂಟಿನ ಟ್ಯಾಂಕ್‌ಲೆಸ್ ಯಾಕಾಗಬಾರದು, ಬೆಂಗಳೂರಿನಲ್ಲಿ ಇನ್‌ಸ್ಟಂಟ್ ಗೀಸರ್ ಇದೆಯಲ್ಲ?’ ಎಂದು ಕೇಳುವವರಿದ್ದಾರೆ. ಅಲ್ಲಿನ 3 ಕಿಲೋವ್ಯಾಟ್ ಗೀಸರ್ ನೀರನ್ನು ಇಪ್ಪತ್ತು ಡಿಗ್ರಿ ಏರಿಸಿ ನಿಮಿಷಕ್ಕೆ ಎರಡು ಲೀಟರ್ ಚಿಲ್ಲರೆ ಕೊಡುತ್ತದೆ. ಬಕೆಟ್ ತುಂಬಿಸಿಕೊಳ್ಳಲು ಅದು ಸಾಕು. ಇಲ್ಲಿನ ಜನವರಿ ನೀರಿಗೆ, ಎರಡು ಶವರಿಗೆ, ಮೂವತ್ತು ಕಿಲೋವ್ಯಾಟಿನ ಆಚೆ ಬೇಕು. ಬಹುತೇಕ ಮನೆಗಳ ವಿದ್ಯುತ್ ಫಲಕಕ್ಕೆ ಅದು ನುಂಗಲಾರದ ತುತ್ತು.

ಪೆಟ್ಟಿಗೆಯ ಹಿಂದಿನ ಕೊಳವೆ

ನಮ್ಮ ಮನೆಗೆ ಮೊದಲು ಬಂದ ಪ್ಲಂಬರ್ ಟ್ಯಾಂಕನ್ನು ತಟ್ಟಿ ನೋಡಿ, “ಒಂದು ದಿನದ ಕೆಲಸ, ಇದನ್ನು ಇಳಿಸಿ ಅದನ್ನು ಏರಿಸುವುದು” ಎಂದು ಬೆಲೆ ಬರೆದುಕೊಟ್ಟ. ಪರ್ಮಿಟ್ ಕೇಳಿದ್ದಕ್ಕೆ ಅದರ ಅಗತ್ಯವೇನಿದೆ ಎಂಬಂತೆ ಭುಜ ಕುಣಿಸಿದ. ಎರಡನೆಯವನು ಟ್ಯಾಂಕನ್ನು ನೋಡಲೇ ಇಲ್ಲ. ಟಾರ್ಚ್ ಹಿಡಿದು ಗ್ಯಾಸ್ ಪೈಪಿನ ಜಾಡನ್ನೇ ಹಿಂಬಾಲಿಸಿ, ಮೀಟರಿನವರೆಗೆ ಹೋಗಿ, ಉದ್ದ ಅಳೆದು ಬಂದ. ಅವನ ಬೆಲೆ ಹೆಚ್ಚು. ಕೆಲಸ ಕೊಟ್ಟದ್ದು ಅವನಿಗೇ. ಕಾರಣ ನಾಲ್ಕು.

ಮೊದಲನೆಯದು ಗ್ಯಾಸ್ ಪೈಪು. ಹಳೆಯ ಟ್ಯಾಂಕಿಗೆ ಅರ್ಧ ಇಂಚಿನ ಪೈಪು ಸಾಕಿತ್ತು. ಐದು ಪಟ್ಟು ಉರಿಗೆ ಸಾಮಾನ್ಯವಾಗಿ ಮುಕ್ಕಾಲು ಇಂಚು ಬೇಕು, ದೂರವಿದ್ದರೆ ಇನ್ನೂ ದಪ್ಪ. ಅರ್ಧ ಇಂಚಿನಲ್ಲೂ ಓಡುತ್ತವೆ ಎನ್ನುವ ಮಾದರಿಗಳು ಈಗ ಬಂದಿವೆ. ಆದರೆ ಅದು ಪೈಪಿನ ಉದ್ದ ಮತ್ತು ತಿರುವುಗಳ ಲೆಕ್ಕದ ಮೇಲೆ ನಿಂತ ಮಾತು. ಮೀಟರಿನ ಲೆಕ್ಕವೂ ಉಂಟು. ಫರ್ನೇಸಿಗೆ 80,000, ಅಡುಗೆ ಒಲೆಗೆ 60,000, ಇದಕ್ಕೆ 1,99,000 ಎಂದು ಕೂಡಿದರೆ ಮೂರು ಲಕ್ಷ ದಾಟುತ್ತದೆ. ಗಂಟೆಗೆ 250 ಘನ ಅಡಿ ಗ್ಯಾಸ್ ಹಾಯಿಸುವ ಮೀಟರು ಕೊಡುವುದು ಸುಮಾರು ಎರಡೂವರೆ ಲಕ್ಷ ಬಿಟಿಯು ಮಾತ್ರ. ಮೈ ಕೊರೆಯುವ ಚಳಿಯ ಬೆಳಗ್ಗೆ ಫರ್ನೇಸು, ಒಲೆ, ಶವರು ಮೂರೂ ಒಟ್ಟಿಗೆ ನಡೆದಾಗಲೇ ಯಂತ್ರ ಮುನಿಸಿಕೊಳ್ಳುವುದು ಇದಕ್ಕೇ. ಮೀಟರು ಬದಲಿಸಬೇಕಾದರೆ ಗ್ಯಾಸ್ ಕಂಪನಿಗೆ ಮುಂಚಿತವಾಗಿ ಹೇಳಬೇಕು.

ಎರಡನೆಯದು ಹೊಗೆಯ ದಾರಿ. ಹಳೆಯ ಟ್ಯಾಂಕಿನ ಚಿಮಣಿ ಹೊಸದಕ್ಕೆ ಹೊಂದುವುದಿಲ್ಲ. ಗೋಡೆ ಕೊರೆದು ಹೊಸ ಕೊಳವೆ ಬಿಡಬೇಕು. ಆ ಕೊಳವೆಯ ಬಾಯಿ ಹಿಮದಲ್ಲಿ ಹೂತುಹೋಗದಷ್ಟು ಎತ್ತರದಲ್ಲಿರಬೇಕು. 2016ರ ಜನವರಿಯ ಹಿಮಬಿರುಗಾಳಿಗೆ ಈ ಸೀಮೆಯಲ್ಲಿ ಎರಡು ಅಡಿಗೂ ಮಿಕ್ಕಿ ಹಿಮ ಬಿದ್ದದ್ದನ್ನು ಕಂಡವರು ಎತ್ತರದ ಮಾತಿನಲ್ಲಿ ಚೌಕಾಸಿ ಮಾಡುವುದಿಲ್ಲ. ಅದೇ ಚಿಮಣಿಯನ್ನು ಫರ್ನೇಸೂ ಬಳಸುತ್ತಿದ್ದರೆ, ಟ್ಯಾಂಕು ಹೋದ ಮೇಲೆ ಅದೊಂದಕ್ಕೆ ಚಿಮಣಿಯ ಅಳತೆ ಸರಿಯೇ ಎಂದು ಕೇಳಿ.

ಮೂರನೆಯದು ಕರೆಂಟು ಮತ್ತು ಮೋರಿ. ಫ್ಯಾನು, ಕಿಡಿ, ಗಣಕ ಮಿದುಳು ಎಲ್ಲಕ್ಕೂ ಹತ್ತಿರದಲ್ಲೇ ಪ್ಲಗ್ ಬೇಕು. ಹುಳಿನೀರು ಹೋಗಲು ಇಳಿಜಾರು ಬೇಕು. 2012ರ ಜೂನ್ 29ರ ರಾತ್ರಿ ಡೆರೇಚೊ ಎಂಬ ಬಿರುಗಾಳಿ ಬಂದು ನಮ್ಮ ಮಾಂಟ್ಗೊಮರಿ ಕೌಂಟಿಯ ಎಷ್ಟೋ ಮನೆಗಳಲ್ಲಿ ದಿನಗಟ್ಟಲೆ ಕರೆಂಟಿರಲಿಲ್ಲ. ಆಗ ಪೈಲಟ್ ಜ್ವಾಲೆಯ ಹಳೆಯ ಟ್ಯಾಂಕುಗಳು ಕತ್ತಲಲ್ಲೂ ನೀರು ಕಾಯಿಸಿದವು. ಟ್ಯಾಂಕ್‌ಲೆಸ್‌ಗೆ ಆ ಶಕ್ತಿಯಿಲ್ಲ. ಕರೆಂಟು ಹೋದರೆ ಬಿಸಿನೀರೂ ಹೋಯಿತು.

ನಾಲ್ಕನೆಯದು ಪರ್ಮಿಟ್. ಮಾಂಟ್ಗೊಮರಿ ಮತ್ತು ಪ್ರಿನ್ಸ್ ಜಾರ್ಜಸ್ ಕೌಂಟಿಗಳಿಗೆ ನೀರು ಕೊಡುತ್ತಿರುವ, 1918ರಲ್ಲಿ ಹುಟ್ಟಿದ ಡಬ್ಲ್ಯುಎಸ್‌ಎಸ್‌ಸಿ ಸಂಸ್ಥೆಯೇ ಇಲ್ಲಿ ನಲ್ಲಿ ಮತ್ತು ಗ್ಯಾಸ್ ಕೆಲಸಕ್ಕೆ ಪರ್ಮಿಟ್ ಕೊಟ್ಟು ತಪಾಸಣೆ ಮಾಡುವುದು. ಪರವಾನಗಿ ಇರುವ ಪ್ಲಂಬರ್ ಅದನ್ನು ತೆಗೆಸಿಕೊಡುತ್ತಾನೆ. ಬಂದ ಇನ್‌ಸ್ಪೆಕ್ಟರ್ ನಮ್ಮಲ್ಲಿ ಇದ್ದದ್ದು ಹತ್ತು ನಿಮಿಷ. ಆದರೆ ಗ್ಯಾಸಿನ ಕೆಲಸವನ್ನು ಮಾಡಿದವನಲ್ಲದ ಇನ್ನೊಂದು ಜೊತೆ ಕಣ್ಣು ನೋಡಿತಲ್ಲ, ಆ ನೆಮ್ಮದಿಯ ಬೆಲೆ ಪರ್ಮಿಟ್ ಶುಲ್ಕಕ್ಕಿಂತ ದೊಡ್ಡದು.

ಅಮ್ಮನ ಬಕೆಟ್ಟು

ಯಂತ್ರ ಕೂತ ಮರುದಿನ ಅಮ್ಮ ಬಚ್ಚಲಿನಿಂದ ಕರೆದಳು: “ಏನೋ ಇದು, ಸಾವಿರಾರು ಡಾಲರ್ ಸುರಿದು ತಣ್ಣೀರು ಬರೋ ಹಾಗೆ ಮಾಡ್ಸಿದೀಯಲ್ಲ!” ಹೋಗಿ ನೋಡಿದರೆ ಬಕೆಟ್ ಇಟ್ಟು, ನೀರು ಪೋಲಾಗದಂತೆ ನಲ್ಲಿಯನ್ನು ಸಣ್ಣಗೆ ಬಿಟ್ಟಿದ್ದಾಳೆ. ಜೀವಮಾನದ ಮಿತವ್ಯಯ. ಟ್ಯಾಂಕ್‌ಲೆಸ್‌ಗೆ ನಿಮಿಷಕ್ಕೆ ಎರಡು ಲೀಟರಾದರೂ ಹರಿಯದಿದ್ದರೆ ಉರಿ ಹತ್ತುವುದೇ ಇಲ್ಲ. ನಲ್ಲಿ ಪೂರ್ತಿ ತಿರುಗಿಸಿದೆ, ನೀರು ಕಾಯಿತು. ಬಕೆಟ್ ತುಂಬಿ, ನಿಲ್ಲಿಸಿ, ಚೊಂಬಿನಲ್ಲಿ ಹೊಯ್ದುಕೊಂಡು, ಮತ್ತೆ ತಿರುಗಿಸಿದಾಗ ಇನ್ನೊಂದು ತಮಾಷೆ: ಮೊದಲು ಪೈಪಿನಲ್ಲಿ ಉಳಿದಿದ್ದ ಬಿಸಿ, ನಡುವೆ ಒಂದು ತುಂಡು ತಣ್ಣೀರು, ಹಿಂದೆ ಮತ್ತೆ ಬಿಸಿ. ಉರಿ ಹೊತ್ತಿಕೊಳ್ಳುವ ಕ್ಷಣಗಳಲ್ಲಿ ನುಸುಳಿಕೊಂಡ ನೀರು ಅದು. ಶವರಿನಡಿ ಒಂದೇ ಸಮ ನಿಲ್ಲುವವರಿಗೆ ಇದು ಗೊತ್ತೇ ಆಗುವುದಿಲ್ಲ. ಬಿಟ್ಟು ಬಿಟ್ಟು ನೀರು ಹಿಡಿಯುವ ನಮ್ಮವರಿಗೆ ಮೊದಲ ದಿನವೇ ಗೊತ್ತಾಗುತ್ತದೆ.

ಬಿಸಿನೀರು ಮಹಡಿ ತಲುಪಲು ಮೊದಲಿಗಿಂತ ಹತ್ತಿಪ್ಪತ್ತು ಸೆಕೆಂಡ್ ಹೆಚ್ಚು ಬೇಕು. ಪೈಪಿನಲ್ಲಿ ನಿಂತ ತಣ್ಣೀರು ಹೊರಗೆ ಹೋಗುವುದರ ಜೊತೆಗೆ ಉರಿ ಹೊತ್ತಿ ಯಂತ್ರವೂ ಕಾಯಬೇಕಲ್ಲ. ಪಂಪಿಟ್ಟು ಬಿಸಿನೀರನ್ನು ಸದಾ ಸುತ್ತಿಸುವ ಮಾದರಿಗಳಿವೆ. ಸುತ್ತಿಸಿದಷ್ಟೂ ಗ್ಯಾಸ್ ಖರ್ಚು. ನಮ್ಮಲ್ಲಿ ಅಮ್ಮ ಆ ಮೊದಲ ನೀರನ್ನು ಬಕೆಟ್ಟಿಗೆ ಹಿಡಿದು ಕಿಟಕಿಯ ಬಳಿಯ ಕರಿಬೇವಿನ ಕುಂಡಕ್ಕೆ ಹೊಯ್ಯುತ್ತಾಳೆ.

ಇನ್ನೊಂದು ಕೆಲಸ ವರ್ಷಕ್ಕೊಮ್ಮೆಯದು. ಇಲ್ಲಿಯ ನೀರು ಬೆಂಗಳೂರಿನ ಬೋರ್‌ವೆಲ್ ನೀರಿನಷ್ಟು ಗಡಸಲ್ಲ, ಹಾಗೆಂದು ಮೆದುವೂ ಅಲ್ಲ. ಕಾದಾಗ ಸುಣ್ಣ ಬಿಡುತ್ತದೆ. ಟ್ಯಾಂಕಿನ ತಳದಲ್ಲಿ ಕೂತರೆ ಒಂದಿಷ್ಟು ಗುಡುಗುಡು ಸದ್ದು, ಅಷ್ಟೇ. ಬೆರಳಿಗಿಂತ ಸಣ್ಣ ಸುರುಳಿ ಕೊಳವೆಯಲ್ಲಿ ಕೂತರೆ ಯಂತ್ರವೇ ಕಟ್ಟಿಕೊಳ್ಳುತ್ತದೆ. ಪರಿಹಾರ ಸರಳ: ಬಕೆಟ್ ತುಂಬ ಬಿಳಿ ವಿನೆಗರ್, ಸಣ್ಣ ಪಂಪು, ಎರಡು ಮೆದುಕೊಳವೆ, ಮುಕ್ಕಾಲು ಗಂಟೆ. ಆದರೆ ಇದನ್ನು ಮಾಡಲು ಯಂತ್ರದ ಕೆಳಗೆ ಎರಡು ತಡೆ ಕವಾಟಗಳು ಇರಲೇಬೇಕು. ಕಡಿಮೆ ಬೆಲೆ ಹೇಳುವವರು ಮೊದಲು ಕೈಬಿಡುವುದು ಅವನ್ನೇ.

ಉಳಿಯುವುದೆಷ್ಟು?

ಅಮೆರಿಕದ ಇಂಧನ ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 41 ಗ್ಯಾಲನ್, ಅಂದರೆ 155 ಲೀಟರ್ ಅಥವಾ ಅದಕ್ಕೂ ಕಡಿಮೆ ಬಿಸಿನೀರು ಬಳಸುವ ಮನೆಗೆ ಟ್ಯಾಂಕ್‌ಲೆಸ್ ನೂರಕ್ಕೆ 24ರಿಂದ 34ರಷ್ಟು ಹೆಚ್ಚು ದಕ್ಷ. 86 ಗ್ಯಾಲನ್ ಬಳಸುವ ದೊಡ್ಡ ಸಂಸಾರಕ್ಕೆ 8ರಿಂದ 14 ಮಾತ್ರ. ಹೆಚ್ಚು ಬಳಸುವವರಿಗೆ ಹೆಚ್ಚು ಲಾಭ ಎಂದುಕೊಂಡಿದ್ದ ನನಗೆ ಇದು ತಲೆಕೆಳಗಾಗಿ ಕಂಡಿತು. ಯೋಚಿಸಿದರೆ ಸರಿಯಿದೆ. ಟ್ಯಾಂಕಿನ ನಷ್ಟವೆಲ್ಲ ಯಾರೂ ಬಳಸದೆ ನೀರು ಸುಮ್ಮನೆ ಆರುವ ಹೊತ್ತಿನದು. ತುಂಬಿದ ಮನೆಯಲ್ಲಿ ನೀರಿಗೆ ಆರಲು ಪುರಸೊತ್ತೇ ಇರುವುದಿಲ್ಲ.

ನಿಮ್ಮ ಮನೆಯ ಲೆಕ್ಕ ಬೇಕೆಂದರೆ ಜುಲೈ ತಿಂಗಳ ಗ್ಯಾಸ್ ಬಿಲ್ ತೆಗೆಯಿರಿ. ಆಗ ಫರ್ನೇಸು ಮಲಗಿರುತ್ತದೆ. ತಿಂಗಳ ಸ್ಥಿರ ಶುಲ್ಕ ಕಳೆದು ಉಳಿದದ್ದು ಬಹುಪಾಲು ನೀರು ಕಾಯಿಸಿದ್ದೇ. ಚಳಿಗಾಲದಲ್ಲಿ ನೀರು ಹೆಚ್ಚು ತಣ್ಣಗಿರುವುದರಿಂದ ಒಂದಿಷ್ಟು ಸೇರಿಸಿ, ಹನ್ನೆರಡರಿಂದ ಗುಣಿಸಿ. ಕಡಿಮೆ ನೀರು ಬಳಸುವ ಮನೆಯಾದರೆ ಉಳಿತಾಯ ಅದರ ಕಾಲು ಭಾಗದಿಂದ ಮೂರನೇ ಒಂದರೊಳಗೆ; ದೊಡ್ಡ ಸಂಸಾರಕ್ಕೆ ಇನ್ನೂ ಕಡಿಮೆ. ಪೈಪು, ಕೊಳವೆ, ಕೂಲಿ ಸೇರಿದ ವೆಚ್ಚವನ್ನು ಅದರಿಂದ ಭಾಗಿಸಿದರೆ ಬರುವ ವರ್ಷಗಳ ಸಂಖ್ಯೆ ನಮ್ಮ ಮನೆಯಲ್ಲಿ ಎರಡಂಕಿಯದಾಯಿತು. ಯಂತ್ರದ ಆಯುಷ್ಯ ಇಪ್ಪತ್ತು ವರ್ಷ ಎನ್ನುತ್ತಾರೆ; ಬೇಗ ಮನೆ ಮಾರುವವರಿಗೆ ಹಾಕಿದ ದುಡ್ಡು ಹುಟ್ಟುವುದಿಲ್ಲ. ಹಿಂದೆ ಇದ್ದ ಫೆಡರಲ್ ತೆರಿಗೆ ರಿಯಾಯಿತಿಯೂ 2025ರ ಡಿಸೆಂಬರ್ 31ಕ್ಕೆ ಮುಗಿಯಿತು.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಗೈದರ್ಸ್‌ಬರ್ಗ್‌ನಲ್ಲೇ ಇರುವ ರಾಷ್ಟ್ರೀಯ ಮಾನಕ ಸಂಸ್ಥೆ ನಿಸ್ಟ್‌ನ ಆವರಣದಲ್ಲಿ ಯಾರೂ ವಾಸಿಸದ ಮನೆಯೊಂದಿದೆ. ನೋಡಲು ನಮ್ಮ ನಿಮ್ಮ ಮನೆಗಳಂತೆಯೇ. ಅಪ್ಪ, ಅಮ್ಮ, ಇಬ್ಬರು ಮಕ್ಕಳ ಕಾಲ್ಪನಿಕ ಸಂಸಾರವೊಂದನ್ನು ಅಲ್ಲಿ ಕಂಪ್ಯೂಟರ್ ನಡೆಸುತ್ತದೆ. ಹೊತ್ತಿಗೆ ಸರಿಯಾಗಿ ಅದೇ ಶವರ್ ಬಿಡುತ್ತದೆ, ದೀಪ ಹಚ್ಚುತ್ತದೆ. 2013ರ ಜುಲೈಯಿಂದ ಒಂದು ವರ್ಷ ಅಳೆದು ನೋಡಿದಾಗ ಆ ಮನೆ ಬಳಸಿದ್ದಕ್ಕಿಂತ 491 ಯೂನಿಟ್ ವಿದ್ಯುತ್ ಹೆಚ್ಚೇ ಉತ್ಪಾದಿಸಿತ್ತು. ಅಲ್ಲಿ ನೀರು ಕಾಯಿಸಿದ್ದು ಗ್ಯಾಸ್ ಅಲ್ಲ. ಬಿಸಿಲಿನ ಫಲಕ, ಅದು ಸಾಲದಾದಾಗ ಹೀಟ್ ಪಂಪ್. ಫ್ರಿಜ್ಜನ್ನು ತಿರುವಿಹಾಕಿದಂಥ ಯಂತ್ರ ಅದು. ಸುತ್ತಲಿನ ಗಾಳಿಯ ಶಾಖವನ್ನು ಹೀರಿ ನೀರಿಗೆ ತುಂಬುತ್ತದೆ. ಒಂದು ಪಾಲು ಕರೆಂಟಿಗೆ ಸುಮಾರು ಮೂರು ಪಾಲು ಶಾಖ ಕೊಡುತ್ತದೆ, ಜೊತೆಗೆ ಬೇಸ್‌ಮೆಂಟಿನ ತೇವವನ್ನೂ ಒಣಗಿಸುತ್ತದೆ. ಅದಕ್ಕೂ ದೊಡ್ಡ ಟ್ಯಾಂಕು ಬೇಕು, ಕಾಯಿಸುವುದೂ ನಿಧಾನ. ಆದರೂ ಗಾಳಿ ಬೀಸುತ್ತಿರುವುದು ಅತ್ತಲೇ. ಹೊಸ ಕಟ್ಟಡಗಳಲ್ಲಿ ಗ್ಯಾಸ್ ಬೇಡವೆಂಬ ಕಾನೂನನ್ನು ಮಾಂಟ್ಗೊಮರಿ ಕೌಂಟಿ 2022ರಲ್ಲೇ ಮಾಡಿತು. ಹಳೆಯ ಮನೆಗಳಿಗೆ ಅದು ತಟ್ಟದು. ಬಿಸಿಲು ಧಾರಾಳವಾಗಿರುವ ಬೆಂಗಳೂರು 2007ರಷ್ಟು ಹಿಂದೆಯೇ ಹೊಸ ಮನೆಗಳಿಗೆ ಸೋಲಾರ್ ನೀರು ಕಾಯಿಸುವುದನ್ನು ಕಡ್ಡಾಯ ಮಾಡಿ, ಕರೆಂಟ್ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆ ರಿಯಾಯಿತಿಯನ್ನೂ ಕೊಟ್ಟಿತ್ತು.

ಹಾಗಾದರೆ ನನ್ನ ತೀರ್ಪು? ಗ್ಯಾಸ್ ಪೈಪು ಹತ್ತಿರವಿದ್ದು, ಜಾಗ ಕಡಿಮೆಯಿದ್ದು, ಒಬ್ಬರಾದ ಮೇಲೊಬ್ಬರು ಮೀಯುವ, ಹತ್ತು ಹದಿನೈದು ವರ್ಷ ಅಲ್ಲೇ ಇರುವ ಸಂಸಾರವಾದರೆ ಕಂಡೆನ್ಸಿಂಗ್ ಟ್ಯಾಂಕ್‌ಲೆಸ್ ಹಾಕಿಸಿ, ಪಶ್ಚಾತ್ತಾಪವಿಲ್ಲ. ಬೇಸ್‌ಮೆಂಟು ವಿಶಾಲವಾಗಿದ್ದು ತೇವ ಕಾಡುತ್ತಿದ್ದರೆ ಹೀಟ್ ಪಂಪ್ ವಿಚಾರಿಸಿ. ಎರಡು ಮೂರು ವರ್ಷದಲ್ಲಿ ಮನೆ ಮಾರುವವರು ಇನ್ನೊಂದು ಸಾದಾ ಟ್ಯಾಂಕು ಕೂರಿಸಿದರೆ ಯಾರೂ ನಗುವುದಿಲ್ಲ. ಹಣ ಉಳಿಸಲೆಂದೇ ಟ್ಯಾಂಕ್‌ಲೆಸ್ ಹಾಕಿಸಬೇಡಿ. ಮುಗಿಯದ ಬಿಸಿನೀರಿಗಾಗಿ ಹಾಕಿಸಿ.

ಒದ್ದೆ ನೆಲದ ಮೇಲೆ ನಿಂತು ಮಾಡುವ ವ್ಯಾಪಾರದಲ್ಲಿ ಗೆದ್ದವರಿಲ್ಲ. ಈ ಭಾನುವಾರ ಕಾಫಿ ಕುಡಿದ ಮೇಲೆ ಬೇಸ್‌ಮೆಂಟಿಗಿಳಿಯಿರಿ. ಟ್ಯಾಂಕಿಗೆ ಅಂಟಿಸಿದ ಚೀಟಿಯಲ್ಲಿ ತಯಾರಾದ ವರ್ಷ ನೇರವಾಗಿಯೋ, ಸೀರಿಯಲ್ ನಂಬರಿನೊಳಗೋ ಇರುತ್ತದೆ. ಹತ್ತು ದಾಟಿದ್ದರೆ ಅದು ಸೋರುವ ಮೊದಲೇ ಇಬ್ಬರನ್ನು ಕರೆಸಿ. ಅವರಲ್ಲಿ ಯಾರು ಮೊದಲು ಗ್ಯಾಸ್ ಪೈಪು ನೋಡುತ್ತಾರೋ ಅವರಿಗೆ ಕೆಲಸ ಕೊಡಿ.